ಹೊಸಿಲಲ್ಲಿ ಕೇಳುವ ಪ್ರಶ್ನೆ: ಕಥೋಲಿಕ–ಸಿಖ್ ವಿವಾಹಗಳ ಚರಿತ್ರೆ ಮತ್ತು ವಯನಾಡು

ಮದುವೆಯೆಂಬುದು ಇಬ್ಬರ ಸಮ್ಮತಿಯಿಂದ ಆರಂಭವಾದರೂ ಇಬ್ಬರಲ್ಲಿಯೇ ಮುಗಿಯುವ ವ್ಯವಹಾರವಲ್ಲ. ಎರಡು ಮನೆಗಳು, ಎರಡು ಬಳಗಗಳು, ಎರಡು ಊರುಗಳ ನಡಾವಳಿಗಳು ಅದಕ್ಕೆ ಸಾಕ್ಷಿಯಾಗುತ್ತವೆ. ವಧೂವರರು ಬೇರೆ ಬೇರೆ ಧರ್ಮದವರಾದಾಗ ಈ ಸಾಕ್ಷಿಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ: ದೇವಾಲಯದ ಕಟ್ಟಳೆ, ಸರ್ಕಾರದ ಕಾನೂನು, ಆಸ್ತಿಯ ಹಕ್ಕು, ಹುಟ್ಟಲಿರುವ ಮಕ್ಕಳ ಹೆಸರು, ಕೊನೆಗೆ ಮಣ್ಣು ಮಾಡುವ ಜಾಗವೂ ಆ ಚಪ್ಪರದ ಕೆಳಗೆ ಬಂದು ನಿಲ್ಲುತ್ತವೆ. ಇಂತಹ ಮದುವೆಗಳ ಇತಿಹಾಸವನ್ನು ಓದುವಾಗ ಪ್ರತಿಯೊಂದು ಹೊಸಿಲಿನಲ್ಲಿಯೂ ಒಂದೇ ಪ್ರಶ್ನೆ ನಮಗೆ ಕೇಳಿಬರುತ್ತದೆ. ಒಳಗೆ ಬರಬಯಸುವವರು ಏನನ್ನು ಹೊರಗೆ ಬಿಟ್ಟು ಬರಬೇಕು?

ಕಥೋಲಿಕ ಕ್ರೈಸ್ತರು ಮತ್ತು ಸಿಖ್ಖರ ನಡುವಿನ ವಿವಾಹಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯ ಚರಿತ್ರೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಯನಾಡಿನಂತಹ ಗಡಿನಾಡಿನಲ್ಲಿ ಕುಳಿತು ಈ ವಿಷಯವನ್ನು ಯೋಚಿಸುವುದಕ್ಕೆ ಕಾರಣವಿದೆ. ಮುತ್ತಂಗದ ಕಾಡು ದಾಟಿದರೆ ಗುಂಡ್ಲುಪೇಟೆ, ಬಾವಲಿ ದಾಟಿದರೆ ಹೆಗ್ಗಡದೇವನಕೋಟೆ, ತೋಲ್ಪೆಟ್ಟಿ ದಾಟಿದರೆ ಕೊಡಗಿನ ಕುಟ್ಟ. ಹೀಗೆ ಮೂರು ದಿಕ್ಕಿನಿಂದಲೂ ಕನ್ನಡ ನಾಡಿಗೆ ಬಾಗಿಲು ತೆರೆದಿರುವ ಈ ಜಿಲ್ಲೆಯಲ್ಲಿ ಭಾಷೆ, ಜಾತಿ, ಧರ್ಮಗಳ ಗಡಿ ದಾಟುವುದು ದಿನನಿತ್ಯದ ಸಂಗತಿ. ನಮ್ಮ ಮಕ್ಕಳು ಬೆಂಗಳೂರಿಗೆ, ದೆಹಲಿಗೆ, ಕೆನಡಾಕ್ಕೆ ಓದಲೂ ದುಡಿಯಲೂ ಹೋಗುತ್ತಿರುವ ಈ ಕಾಲದಲ್ಲಿ ಮನೆಗೆ ಬರುವ ಸೊಸೆಯೋ ಅಳಿಯನೋ ಯಾವ ಧರ್ಮದವರೆಂಬುದನ್ನು ಹಿರಿಯರು ಮೊದಲೇ ನಿಶ್ಚಯಿಸಿ ಇಡಲಾಗದು.

ವಯನಾಡಿನ ಕಥೋಲಿಕ ನೆಲೆ

ವಯನಾಡಿನ ಕಥೋಲಿಕ ಸಮುದಾಯದ ಬೇರುಗಳಲ್ಲೊಂದು ಮೈಸೂರಿನಲ್ಲಿದೆ. 1886ರಲ್ಲಿ ಸ್ಥಾಪಿತವಾದ ಮೈಸೂರು ಧರ್ಮಪ್ರಾಂತ್ಯವನ್ನು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಫ್ರೆಂಚ್ ಗುರುಗಳು ನಡೆಸುತ್ತಿದ್ದರು. ವಯನಾಡಿನ ಬೆಟ್ಟಗಳೂ ಆಗ ಅವರ ಸಂಚಾರದ ನೆಲವಾಗಿದ್ದವು. ಪಳ್ಳಿಕ್ಕುನ್ನಿನ ಲೂರ್ದುಮಾತೆಯ ಇಗರ್ಜಿ 1908ರಲ್ಲಿ ಅಂತಹ ಫ್ರೆಂಚ್ ಗುರುಗಳೊಬ್ಬರ ಶ್ರಮದಿಂದ ಆರಂಭವಾಯಿತು. ಅಲ್ಲಿ ಫೆಬ್ರವರಿಯಲ್ಲಿ ನಡೆಯುವ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ತೇರು ಎಳೆಯುವ ಅಲ್ಲಿನ ಸಂಭ್ರಮವನ್ನು ಕಂಡ ಕನ್ನಡಿಗನಿಗೆ ತನ್ನೂರಿನ ರಥೋತ್ಸವವೇ ನೆನಪಾಗುತ್ತದೆ. 1923ರಲ್ಲಿ ಕಲ್ಲಿಕೋಟೆ ಧರ್ಮಪ್ರಾಂತ್ಯ ರೂಪುಗೊಂಡಿತು. ವಯನಾಡಿನ ಲತೀನ್ ಕಥೋಲಿಕರು ಇಂದು ಅದಕ್ಕೆ ಸೇರಿದವರು. 1930 ಮತ್ತು 40ರ ದಶಕಗಳಲ್ಲಿ ತಿರುವಾಂಕೂರಿನಿಂದ ಸುರಿಯಾನಿ ಕ್ರೈಸ್ತ ಕೃಷಿಕರು ಮಲಬಾರಿಗೆ ದೊಡ್ಡ ಪ್ರಮಾಣದಲ್ಲಿ ವಲಸೆ ಬಂದು ಕಾಡು ಕಡಿದು ಮೆಣಸು, ಕಾಫಿ, ಮರಗೆಣಸು ಬೆಳೆದರು. ಅವರಿಗಾಗಿ 1973ರ ಮಾರ್ಚ್ 1ರಂದು ಮಾನಂತವಾಡಿಯ ಸಿರೋ-ಮಲಬಾರ್ ಧರ್ಮಪ್ರಾಂತ್ಯ ಹುಟ್ಟಿತು. ಕರ್ನಾಟಕದ ಹಲವು ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿದ್ದವು. 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯಗಳು ಅದರಿಂದಲೇ ಬೇರ್ಪಟ್ಟವು. 1978ರಲ್ಲಿ ಸುಲ್ತಾನ್ ಬತ್ತೇರಿಯು ಸಿರೋ-ಮಲಂಕರ ಸಭೆಯ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಹೀಗೆ ಒಂದೇ ಜಿಲ್ಲೆಯಲ್ಲಿ ಕಥೋಲಿಕ ಸಭೆಯ ಮೂರು ಪೂಜಾಪರಂಪರೆಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ವಯನಾಡು 1956ರವರೆಗೆ ಮದ್ರಾಸ್ ಆಡಳಿತದ ಮಲಬಾರ್ ಜಿಲ್ಲೆಯ ಭಾಗವಾಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಈ ಕಾರಣದಿಂದ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇಲ್ಲಿ ಜಾರಿಯಲ್ಲಿದೆ, ಹಿಂದಿನ ತಿರುವಾಂಕೂರು–ಕೊಚ್ಚಿ ಪ್ರದೇಶಕ್ಕೆ ಅದು ಅನ್ವಯಿಸುವುದಿಲ್ಲ. ಆಸ್ತಿಯ ವಿಷಯದಲ್ಲಿಯೂ ಹೀಗೆಯೇ. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯ್ದೆ ಇನ್ನು ನಡೆಯದೆಂದು ಹೇಳಿತು. ಒಂದೇ ವಿಶ್ವಾಸದ ಹೆಣ್ಣುಮಗಳಿಗೆ ಘಟ್ಟದ ಮೇಲೊಂದು ಕಾನೂನು, ಕೆಳಗೊಂದು ಕಾನೂನು ಇದ್ದ ಕಾಲವೊಂದಿತ್ತೆಂಬುದನ್ನು ಮರೆಯಬಾರದು. ಮದುವೆಯ ಮಾತು ಬಂದಾಗ ಧರ್ಮದಷ್ಟೇ ನೆಲವೂ ಮುಖ್ಯವಾಗುವುದು ಹೀಗೆ.

ಸಿಖ್ ಧರ್ಮ ಮತ್ತು ನಮ್ಮ ನಾಡು

ಸಿಖ್ ಧರ್ಮವು ಕನ್ನಡಿಗರಿಗೆ ದೂರದ್ದೆಂದು ತೋರಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಬೀದರಿಗೆ ಬಂದಿದ್ದರೆಂದು ಸಿಖ್ ಪರಂಪರೆ ನಂಬುತ್ತದೆ. ಅವರ ಸ್ಪರ್ಶದಿಂದ ಚಿಮ್ಮಿತೆನ್ನಲಾದ ಸಿಹಿನೀರಿನ ಊಟೆಯ ಬಳಿ ಇಂದು ನಾನಕ್ ಝೀರಾ ಗುರುದ್ವಾರವಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾವನ್ನು ಸ್ಥಾಪಿಸಿದಾಗ ತಲೆಯೊಡ್ಡಲು ಮುಂದೆ ಬಂದ ಐವರು ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರಿನ ಕ್ಷೌರಿಕ ಮನೆತನದವರು. ಕೇರಳದ ನೆನಪಿನಲ್ಲಿಯೂ ಸಿಖ್ಖರಿದ್ದಾರೆ. 1924ರ ವೈಕಂ ಸತ್ಯಾಗ್ರಹದ ಹೊತ್ತಿಗೆ ಪಂಜಾಬಿನಿಂದ ಬಂದ ಅಕಾಲಿಗಳು ಅಲ್ಲಿ ಅನ್ನದ ಲಂಗರು ತೆರೆದರು. ಹೊರಗಿನವರ ನೆರವನ್ನು ಗಾಂಧೀಜಿ ಒಪ್ಪಲಿಲ್ಲವಾದರೂ ಜಾತಿ ನೋಡದೆ ಒಂದೇ ಸಾಲಿನಲ್ಲಿ ಉಣಬಡಿಸಿದ ಆ ಪಂಕ್ತಿಯ ನೆನಪು ಉಳಿಯಿತು. 1936ರಲ್ಲಿ ಈಳವ ಸಮುದಾಯದ ಕೆಲವರು ಸಿಖ್ ಧರ್ಮವನ್ನು ಸ್ವೀಕರಿಸಿದರು.

ಬೀದರದ ಹೆಸರೆತ್ತಿದ ಮೇಲೆ ಅದೇ ಜಿಲ್ಲೆಯ ಕಲ್ಯಾಣವನ್ನು ನೆನೆಯದೆ ಮುಂದೆ ಸಾಗುವುದು ಕನ್ನಡಿಗರಿಗೆ ಸಾಧ್ಯವಿಲ್ಲ. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ 12ನೆಯ ಶತಮಾನದಲ್ಲಿ ನಡೆದ ಮದುವೆ, ಅದಕ್ಕಾಗಿ ಬಿಜ್ಜಳನ ಆಳ್ವಿಕೆಯಲ್ಲಿ ಆ ತಂದೆಯರು ತೆತ್ತ ಪ್ರಾಣ, ಶರಣರು ಕಲ್ಯಾಣವನ್ನು ತೊರೆದು ಚದುರಿದ ಕಥೆ ನಮ್ಮಲ್ಲಿ ಮನೆಮಾತು. ಅಲ್ಲಿ ವಧೂವರರ ನಂಬಿಕೆ ಒಂದೇ ಆಗಿತ್ತು. ಇಬ್ಬರ ಮನೆಯವರೂ ಇಷ್ಟಲಿಂಗಧಾರಿಗಳು. ಆದರೂ ಊರು ಕೇಳಿದ್ದು ಹುಟ್ಟನ್ನು. ಧರ್ಮ ಒಂದಾದ ಮಾತ್ರಕ್ಕೆ ಮದುವೆಯ ಹೊಸಿಲು ತಗ್ಗುವುದಿಲ್ಲವೆಂಬ ಕಹಿ ಪಾಠ ಕನ್ನಡ ನಾಡಿಗೆ ಎಂಟು ಶತಮಾನಗಳಿಂದ ಗೊತ್ತಿದೆ. ಧರ್ಮವೇ ಬೇರೆಯಾದಾಗ ಏನಾಗುತ್ತದೆಂಬುದನ್ನು ಇನ್ನು ನೋಡೋಣ.

ಇಗರ್ಜಿಯ ಬಾಗಿಲು

ಕಥೋಲಿಕ ಸಭೆಯು ವಿವಾಹವನ್ನು ಏಳು ಸಂಸ್ಕಾರಗಳಲ್ಲಿ ಒಂದೆಂದು ಪರಿಗಣಿಸುತ್ತದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು, ಗುಟ್ಟಿನ ಮದುವೆಗಳನ್ನು ತಡೆಯುವ ಸಲುವಾಗಿ, ಧರ್ಮಕೇಂದ್ರದ ಗುರುಗಳು ಮತ್ತು ಸಾಕ್ಷಿಗಳ ಮುಂದೆ ಸಮ್ಮತಿ ನೀಡಬೇಕೆಂಬ ನಿಯಮವನ್ನು ಮಾಡಿತು. ‘ನೇ ತೆಮೆರೆ’ ಎಂಬ ಆಜ್ಞೆಯ ಮೂಲಕ ಈ ನಿಯಮ 1908ರ ಈಸ್ಟರ್ ಹಬ್ಬದಿಂದ ಲತೀನ್ ಸಭೆಯಲ್ಲಿ ಬಹುಮಟ್ಟಿಗೆ ಎಲ್ಲೆಡೆ ಜಾರಿಗೆ ಬಂತು. ಜ್ಞಾನಸ್ನಾನ ಪಡೆದವರು ಪಡೆಯದವರನ್ನು ವರಿಸುವುದಕ್ಕೆ ಸಭೆಯ ಕಾನೂನು ಧರ್ಮಭೇದದ ಅಡ್ಡಿಯನ್ನು ಒಡ್ಡುತ್ತದೆ. ಧರ್ಮಾಧ್ಯಕ್ಷರ ವಿನಾಯಿತಿಯಿಲ್ಲದೆ ಅಂತಹ ಮದುವೆ ಸಭೆಯ ದೃಷ್ಟಿಯಲ್ಲಿ ಸಿಂಧುವಾಗುವುದಿಲ್ಲ. 1917ರ ಸಂಹಿತೆಯ ಕಾಲದಲ್ಲಿ ಈ ವಿನಾಯಿತಿ ದೊರೆಯಬೇಕಾದರೆ ಹುಟ್ಟುವ ಮಕ್ಕಳೆಲ್ಲರಿಗೂ ಕಥೋಲಿಕ ಜ್ಞಾನಸ್ನಾನ ಕೊಡಿಸಿ ಆ ವಿಶ್ವಾಸದಲ್ಲಿಯೇ ಬೆಳೆಸುವುದಾಗಿ ವಧೂವರರಿಬ್ಬರೂ ವಚನ ಕೊಡಬೇಕಿತ್ತು. ಸಿಖ್ ವರನೊಬ್ಬ ತನ್ನ ಮಕ್ಕಳು ಸಿಖ್ಖರಾಗುವುದಿಲ್ಲವೆಂದು ಕೈಬರಹ ಕೊಟ್ಟ ಮೇಲೆಯೇ ಬಾಗಿಲು ತೆರೆಯುತ್ತಿತ್ತೆಂದು ಇದರ ಅರ್ಥ.

ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಈ ಹೊಸಿಲು ಸ್ವಲ್ಪ ತಗ್ಗಿತು. 1970ರಲ್ಲಿ ಆರನೆಯ ಪೌಲರು ಹೊರಡಿಸಿದ ಆದೇಶ ಮತ್ತು ಅದನ್ನು ಅನುಸರಿಸಿದ 1983ರ ಸಂಹಿತೆಯಂತೆ ವಚನ ಕೊಡಬೇಕಾದವರು ಕಥೋಲಿಕ ಪಕ್ಷದವರು ಮಾತ್ರ. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ತಮ್ಮಿಂದಾದುದನ್ನೆಲ್ಲ ಮಾಡುವೆವೆಂದು ಅವರು ಹೇಳಬೇಕು. ಆ ವಚನದ ವಿಷಯ ಇನ್ನೊಬ್ಬರಿಗೆ ಮುಂಚಿತವಾಗಿ ತಿಳಿದಿರಬೇಕು. ಎದುರು ಪಕ್ಷದವರು ಯಾವ ಕಾಗದಕ್ಕೂ ಮಕ್ಕಳನ್ನು ಒಪ್ಪಿಸಿ ಸಹಿ ಹಾಕಬೇಕಾಗಿಲ್ಲ. ಸುರಿಯಾನಿ ಸಭೆಗಳಿಗೆ 1991ರಿಂದ ಜಾರಿಯಲ್ಲಿರುವ ಪೌರಸ್ತ್ಯ ಸಂಹಿತೆಯಲ್ಲಿಯೂ ನಿಯಮ ಬಹುಪಾಲು ಹೀಗೆಯೇ ಇದೆ. ಒಂದು ವಿಷಯವನ್ನು ಮಾತ್ರ ಕುಟುಂಬಗಳು ಅರಿತಿರಬೇಕು: ಬೆಳಿಗ್ಗೆ ಇಗರ್ಜಿಯಲ್ಲಿ ಒಮ್ಮೆ, ಸಂಜೆ ಗುರುದ್ವಾರದಲ್ಲಿ ಮತ್ತೊಮ್ಮೆ ಎಂಬಂತೆ ಎರಡು ಧಾರ್ಮಿಕ ವಿಧಿಗಳಲ್ಲಿ ದಾಂಪತ್ಯದ ಸಮ್ಮತಿಯನ್ನು ನೀಡುವುದಕ್ಕೆ ಸಭೆಯ ಕಾನೂನು ಒಪ್ಪುವುದಿಲ್ಲ.

ಗುರುದ್ವಾರದ ಬಾಗಿಲು

ಸಿಖ್ಖರ ವಿವಾಹವಿಧಿಯ ಹೆಸರು ಆನಂದ ಕಾರಜ್. ಗುರು ಗ್ರಂಥಸಾಹಿಬಕ್ಕೆ ವಧೂವರರು ನಾಲ್ಕು ಬಾರಿ ಪ್ರದಕ್ಷಿಣೆ ಬರುತ್ತಾರೆ. ಪ್ರತಿ ಸುತ್ತಿಗೂ ನಾಲ್ಕನೆಯ ಗುರು ರಾಮದಾಸರು ರಚಿಸಿದ ಲಾವಾಂ ಪದ್ಯವೊಂದನ್ನು ಹಾಡಲಾಗುತ್ತದೆ. 19ನೆಯ ಶತಮಾನದಲ್ಲಿ ಈ ವಿಧಿಯನ್ನು ನಿರಂಕಾರಿ ಸುಧಾರಕರು ಮತ್ತೆ ಬಳಕೆಗೆ ತಂದಾಗ ಅಗ್ನಿಸಾಕ್ಷಿಯಿಲ್ಲದ ಇಂತಹ ಮದುವೆ ಕಾನೂನಿನಲ್ಲಿ ನಿಲ್ಲುವುದೇ ಎಂಬ ಸಂದೇಹ ಹುಟ್ಟಿತು. ನಾಭಾ ಸಂಸ್ಥಾನದ ಯುವರಾಜ ರಿಪುದಮನ ಸಿಂಹರು ಮಂಡಿಸಿದ ಮಸೂದೆಯ ಫಲವಾಗಿ 1909ರಲ್ಲಿ ಆನಂದ ವಿವಾಹ ಕಾಯ್ದೆ ಬಂದು ಆ ಸಂದೇಹ ಪರಿಹಾರವಾಯಿತು. ಅಲ್ಪಸಂಖ್ಯಾತ ಸಮುದಾಯವೊಂದು ತನ್ನ ಮದುವೆ ತನ್ನದೇ ಎಂದು ಸಾಧಿಸಿಕೊಂಡ ಹೋರಾಟವದು.

ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು ಸಮುದಾಯ ಜತನದಿಂದ ಕಾಯುವುದು ಸಹಜ. ಆ ಕಾಯ್ದೆ ಸಿಖ್ಖರಲ್ಲದವರ ಮದುವೆಗೆ ಅನ್ವಯಿಸುವುದಿಲ್ಲ. 1945ರಲ್ಲಿ ಅಂಗೀಕೃತವಾದ ಸಿಖ್ ನಡಾವಳಿ ಸಂಹಿತೆಯೂ ಆನಂದ ಕಾರಜ್ ಸಿಖ್ ಧರ್ಮವನ್ನು ನಂಬುವವರಿಗೆ ಮಾತ್ರವೆಂದು ಹೇಳುತ್ತದೆ. ಜಾತಿ ಕೇಳಬಾರದೆಂದೂ ಅದೇ ಸಂಹಿತೆ ವಿಧಿಸುತ್ತದೆ. ಇಂಗ್ಲೆಂಡಿನ ಗುರುದ್ವಾರಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಈ ವಿಷಯವಾಗಿ ಪ್ರತಿಭಟನೆಗಳೇ ನಡೆದಿವೆ. ಹೊರಗಿನವರ ಕಣ್ಣಿಗೆ ಇದು ಬಿಗುಮಾನವಾಗಿ ಕಾಣಬಹುದು. ನಾಲ್ಕು ಸುತ್ತುಗಳಲ್ಲಿ ಗ್ರಂಥವನ್ನು ಗುರುವೆಂದು ಒಪ್ಪಿಕೊಳ್ಳುವ ಅರ್ಥವಿರುವಾಗ, ಒಪ್ಪದವರನ್ನು ಸುತ್ತಿಸುವುದು ಅವರಿಗೂ ಗುರುವಿಗೂ ನ್ಯಾಯವಲ್ಲವೆಂಬ ವಾದವನ್ನು ನಾವು ಗೌರವಿಸಬೇಕು. ಲಂಗರಿನ ಪಂಕ್ತಿಯಲ್ಲಿ ಎಲ್ಲರಿಗೂ ಸ್ಥಳವಿದೆ, ಲಾವಾಂ ಸುತ್ತಿನಲ್ಲಿ ಇಲ್ಲ. ಈ ವ್ಯತ್ಯಾಸ ತಿಳಿಯದೆ ಮದುವೆಗೆ ದಿನ ಗೊತ್ತುಮಾಡಿದರೆ ಎರಡು ಮನೆಗಳೂ ನೋಯುತ್ತವೆ.

ನೋಂದಣಿ ಕಚೇರಿಯ ಬಾಗಿಲು

ಎರಡು ಧರ್ಮದವರ ಮದುವೆಗೆ ಸರ್ಕಾರ ಮೂರನೆಯ ಬಾಗಿಲನ್ನು ತೆರೆದದ್ದು 1872ರಲ್ಲಿ. ಅದೇ ವರ್ಷದ ಎರಡು ಕಾಯ್ದೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಚಿತ. ಕ್ರೈಸ್ತ ವಿವಾಹ ಕಾಯ್ದೆಯು ವಧೂವರರಲ್ಲಿ ಒಬ್ಬರಾದರೂ ಕ್ರೈಸ್ತರಾಗಿದ್ದರೆ ಸಾಕೆಂದಿತು. ಆದ್ದರಿಂದ ಕಥೋಲಿಕರೊಬ್ಬರು ಸಿಖ್ಖರೊಬ್ಬರನ್ನು ಇಗರ್ಜಿಯಲ್ಲಿ ವರಿಸುವುದು, ಸಭೆಯ ವಿನಾಯಿತಿ ದೊರೆತರೆ, ಅಂದಿನಿಂದಲೂ ದೇಶದ ಕಾನೂನಿಗೆ ಸಮ್ಮತವೇ. ಕೇಶವಚಂದ್ರ ಸೇನರ ಬ್ರಹ್ಮಸಮಾಜದ ಒತ್ತಾಯದಿಂದ ಬಂದ ವಿಶೇಷ ವಿವಾಹ ಕಾಯ್ದೆಯ ಕಥೆ ಬೇರೆ. ಅದರಡಿ ಮದುವೆಯಾಗುವವರು ತಾವು ಕ್ರೈಸ್ತ, ಯಹೂದಿ, ಹಿಂದೂ, ಮುಸ್ಲಿಂ, ಪಾರ್ಸಿ, ಬೌದ್ಧ, ಸಿಖ್, ಜೈನ ಈ ಯಾವ ಧರ್ಮವನ್ನೂ ನಂಬುವುದಿಲ್ಲವೆಂದು ಘೋಷಿಸಬೇಕಿತ್ತು. ಧರ್ಮವಿರುವ ಇಬ್ಬರು ಒಂದಾಗಬೇಕಾದರೆ ಇಬ್ಬರೂ ಅಧರ್ಮೀಯರಾಗಬೇಕು! ನಂಬಿಕೆಯುಳ್ಳವರನ್ನು ಸುಳ್ಳು ಹೇಳಿಸಿ ಒಳಗೆ ಬಿಟ್ಟುಕೊಳ್ಳುವ ಈ ಹೊಸಿಲು ಎಂಬತ್ತು ವರ್ಷ ಉಳಿಯಿತು. ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ 1923ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮ ತಮ್ಮೊಳಗೆ ಈ ಘೋಷಣೆಯಿಲ್ಲದೆ ಮದುವೆಯಾಗಲು ಅವಕಾಶ ದೊರೆಯಿತು. ಕ್ರೈಸ್ತ ಮತ್ತು ಸಿಖ್ ಜೋಡಿಗೆ ಆ ತಿದ್ದುಪಡಿಯಿಂದ ಪ್ರಯೋಜನವಾಗಲಿಲ್ಲ.

ಸ್ವತಂತ್ರ ಭಾರತದ 1954ರ ವಿಶೇಷ ವಿವಾಹ ಕಾಯ್ದೆಯು ಈ ಅನ್ಯಾಯವನ್ನು ನಿವಾರಿಸಿತು. 21 ವರ್ಷ ತುಂಬಿದ ವರ, 18 ತುಂಬಿದ ವಧು ಯಾವ ಧರ್ಮದವರಾದರೂ ತಮ್ಮ ತಮ್ಮ ಧರ್ಮದಲ್ಲಿದ್ದುಕೊಂಡೇ ವಿವಾಹಾಧಿಕಾರಿಯ ಮುಂದೆ, ಮೂವರು ಸಾಕ್ಷಿಗಳೊಂದಿಗೆ, ಸತಿಪತಿಗಳಾಗಬಹುದು. ಕೇರಳದಲ್ಲಿ ಉಪನೋಂದಣಾಧಿಕಾರಿಗಳೇ ಈ ಕೆಲಸ ಮಾಡುತ್ತಾರೆ. ಆದರೆ ಈ ಬಾಗಿಲಿಗೂ ಒಂದು ಹೊಸಿಲಿದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿದ್ದು ತಿಳಿವಳಿಕೆ ಕೊಡಬೇಕು. ಆ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, 30 ದಿನಗಳವರೆಗೆ ಆಕ್ಷೇಪಣೆಗೆ ಕಾಯಬೇಕು. ಕಾನೂನಿನಲ್ಲಿ ಆಕ್ಷೇಪಣೆಗೆ ಇರುವ ಕಾರಣಗಳು ವಯಸ್ಸು, ಮೊದಲ ಮದುವೆ, ನಿಷಿದ್ಧ ಸಂಬಂಧ ಮೊದಲಾದವು ಮಾತ್ರ. ಧರ್ಮ ಬೇರೆ ಎಂಬುದು ಕಾರಣವಾಗದು. ಆದರೂ ಮನೆಯವರಿಗೆ ಹೇಳಲು ಧೈರ್ಯವಿಲ್ಲದ ಹುಡುಗ ಹುಡುಗಿಗೆ ಗೋಡೆಗೆ ಅಂಟಿಸಿದ ಆ ಕಾಗದ ಎಷ್ಟು ಭಾರವೆಂಬುದನ್ನು ಊಹಿಸಬಹುದು. ಧರ್ಮವನ್ನು ಬಿಡಬೇಕಾಗಿಲ್ಲವೆಂದ ಕಾನೂನು ಗುಟ್ಟನ್ನು ಮಾತ್ರ ಬಿಟ್ಟು ಬರಲು ಹೇಳುತ್ತದೆ.

ಮನೆಯಲ್ಲಿಯೋ ದೇವಸ್ಥಾನದಲ್ಲಿಯೋ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದರೆ ಸಾಲದೇ ಎಂದು ಕೇಳುವವರುಂಟು. 1955ರ ಆ ಕಾಯ್ದೆಯು ಸಿಖ್ಖರಿಗೂ ಅನ್ವಯಿಸುತ್ತದೆ ನಿಜ. ಆದರೆ ಇಬ್ಬರೂ ಅದರ ವ್ಯಾಪ್ತಿಗೆ ಸೇರಿದವರಾಗಿರಬೇಕು. ರೋಮನ್ ಕಥೋಲಿಕ ವರ ಮತ್ತು ಹಿಂದೂ ವಧುವಿನ ಅಂತಹ ಮದುವೆಯೊಂದು ದೇವಸ್ಥಾನದಲ್ಲಿ ನಡೆದು ನೋಂದಣಿಯೂ ಆಗಿತ್ತು. ಅದು ಅಸಿಂಧುವೆಂದು 2008ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನೋಂದಣಿ ಪತ್ರ ಕೈಯಲ್ಲಿದ್ದರೂ ಮದುವೆಯೇ ಇಲ್ಲವೆನಿಸಿಕೊಳ್ಳುವ ಗತಿ ಯಾರಿಗೂ ಬರಬಾರದು.

ಅರಮನೆಯ ಮದುವೆ, ಹೊಲದ ಮದುವೆ

ಇಷ್ಟು ಹೊಸಿಲುಗಳಿದ್ದ ಕಾಲದಲ್ಲಿಯೂ ಕಥೋಲಿಕರು ಮತ್ತು ಸಿಖ್ಖರು ಮದುವೆಯಾಗಿ ಬಾಳಿದ್ದಾರೆ. ಎಲ್ಲರ ಕಣ್ಣಿಗೆ ಬಿದ್ದದ್ದು ಅರಮನೆಯ ಮದುವೆ. ಪಳ್ಳಿಕ್ಕುನ್ನಿನ ಇಗರ್ಜಿ ಆರಂಭವಾದ 1908ನೆಯ ಇಸವಿಯಲ್ಲಿಯೇ, ಜನವರಿ 28ರಂದು, ಪಂಜಾಬಿನ ಕಪೂರ್ಥಲಾದ ಮಹಾರಾಜ ಜಗತ್‌ಜಿತ್ ಸಿಂಹರು ಸ್ಪೇನಿನ ಮಲಗ ಪಟ್ಟಣದ ನರ್ತಕಿ ಅನಿತಾ ದೆಲ್ಗಾದೊ ಅವರನ್ನು ಸಿಖ್ ವಿಧಿಯಲ್ಲಿ ವರಿಸಿದರು. ಕಥೋಲಿಕ ಮನೆತನದ ಆ ತರುಣಿಗೆ ಪ್ರೇಮ್ ಕೌರ್ ಎಂಬ ಹೆಸರನ್ನಿಟ್ಟರು. ಮಹಾರಾಜರಿಗೆ ಆಗಲೇ ಬೇರೆ ರಾಣಿಯರಿದ್ದರು. 1925ರ ಹೊತ್ತಿಗೆ ಇಬ್ಬರೂ ಬೇರೆಯಾದರು; ಅನಿತಾ ಯುರೋಪಿನಲ್ಲಿಯೇ ಉಳಿದು 1962ರಲ್ಲಿ ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡರು. ಆ ಮದುವೆಯ ಬಗೆಗೆ ಪುಸ್ತಕಗಳು ಬಂದಿವೆ. ಅರಮನೆಗೆ ಹೊಸಿಲಿನ ಕಾಟ ಕಡಿಮೆ. ಆದ್ದರಿಂದ ಸಾಮಾನ್ಯರು ಅದರಿಂದ ಕಲಿಯುವುದೂ ಕಡಿಮೆ.

ಕಲಿಯಬೇಕಾದ ಚರಿತ್ರೆ ಇರುವುದು ಕ್ಯಾಲಿಫೋರ್ನಿಯದ ಹತ್ತಿ ಹೊಲಗಳಲ್ಲಿ. 20ನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ಕೆಲವು ಸಾವಿರ ಗಂಡಸರು, ಬಹುಪಾಲು ಸಿಖ್ ರೈತರು, ದುಡಿಮೆ ಹುಡುಕಿಕೊಂಡು ಅಮೆರಿಕದ ಪಶ್ಚಿಮ ಕರಾವಳಿಗೆ ಹೋದರು. ಕೊಲರಾಡೊ ನದಿಯ ಕಾಲುವೆಯಿಂದ ಆಗತಾನೇ ಹಸುರಾಗುತ್ತಿದ್ದ ಇಂಪೀರಿಯಲ್ ಕಣಿವೆಯಲ್ಲಿ ಅವರು ಗುತ್ತಿಗೆಗೆ ಜಮೀನು ಹಿಡಿದರು. 1917ರ ವಲಸೆ ಕಾಯ್ದೆ ಭಾರತದಿಂದ ಹೆಣ್ಣುಮಕ್ಕಳು ಬರುವ ದಾರಿಯನ್ನು ಮುಚ್ಚಿತು. 1910ರ ಕ್ರಾಂತಿಯ ಬೇಗೆಗೆ ಮೆಕ್ಸಿಕೊ ಬಿಟ್ಟು ಬಂದ ಕಥೋಲಿಕ ಕುಟುಂಬಗಳು ಅದೇ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದವು. ಸುಮಾರು 1916ರಿಂದ ಈ ಎರಡು ಜನರ ನಡುವೆ ಮದುವೆಗಳು ಆರಂಭವಾದವು. ಮಾನವಶಾಸ್ತ್ರಜ್ಞೆ ಕ್ಯಾರೆನ್ ಲೆನಾರ್ಡ್ ಅವರು ದಾಖಲೆಗಳನ್ನು ಜಾಲಾಡಿ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 1949ರವರೆಗೆ ಕ್ಯಾಲಿಫೋರ್ನಿಯದಲ್ಲಿ ಭಾರತೀಯರ ಕೈಹಿಡಿದ 378 ಹೆಂಡತಿಯರನ್ನು ಗುರುತಿಸಿದ್ದಾರೆ. ಅವರಲ್ಲಿ 304 ಮಂದಿ ಸ್ಪ್ಯಾನಿಷ್ ನುಡಿಯ ಮೆಕ್ಸಿಕನ್ ಮೂಲದವರು.

ಅಲ್ಲಿನ ಹೊಸಿಲು ಧರ್ಮದ್ದಾಗಿರದೆ ಚರ್ಮದ್ದಾಗಿತ್ತು. ಬಿಳಿಯರು ಇತರ ಕೆಲವು ಜನಾಂಗದವರನ್ನು ಮದುವೆಯಾಗಕೂಡದೆಂಬ ಕಾನೂನಿದ್ದ ರಾಜ್ಯವದು. ಪರವಾನಗಿಯ ಕಾಗದದಲ್ಲಿ ಬಣ್ಣವನ್ನು ಬರೆಯುವವನು ಕಚೇರಿಯ ಗುಮಾಸ್ತ. ವಧೂವರರಿಬ್ಬರೂ ಅವನ ಕಣ್ಣಿಗೆ ಕಂದುಬಣ್ಣದವರಾಗಿ ಕಂಡರೆ ಮದುವೆಗೆ ಅಡ್ಡಿಯಿಲ್ಲ. ಆ ಕಾನೂನನ್ನು ಕೊನೆಗೆ 1948ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ 4–3ರ ಬಹುಮತದಿಂದ ತೆಗೆದುಹಾಕಿದಾಗ ಕಕ್ಷಿದಾರರಾಗಿದ್ದವರು ಆಂಡ್ರಿಯಾ ಪೆರೆಝ್ ಮತ್ತು ಸಿಲ್ವೆಸ್ಟರ್ ಡೇವಿಸ್ ಎಂಬ ಕಥೋಲಿಕ ಜೋಡಿ. ತಮ್ಮ ಸಭೆ ತಮಗೆ ಮದುವೆ ಮಾಡಿಸಲು ಸಿದ್ಧವಿರುವಾಗ ಸರ್ಕಾರ ತಡೆಯುವುದು ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧವೆಂಬುದು ಅವರ ವಾದಗಳಲ್ಲೊಂದು.

ಪಂಜಾಬಿ–ಮೆಕ್ಸಿಕನ್ ಮನೆಗಳಲ್ಲಿ ಗಂಡ ಸಿಖ್ಖನಾಗಿ, ಹೆಂಡತಿ ಕಥೋಲಿಕಳಾಗಿ ಉಳಿದರು. ಮತಾಂತರವಾಗಬೇಕೆಂದು ಒಬ್ಬರನ್ನೊಬ್ಬರು ಒತ್ತಾಯಿಸಿದ್ದು ವಿರಳ. ಗಂಡಂದಿರು ಹೊಲದಲ್ಲಿ ಸ್ಪ್ಯಾನಿಷ್ ಕಲಿತರು. ಹೆಂಡಿರು ಕೋಳಿಸಾರಿಗೆ ಪಂಜಾಬಿ ಮಸಾಲೆ ಹಾಕಲು ಕಲಿತರು. ಮಕ್ಕಳಿಗೆ ಹೆಚ್ಚಾಗಿ ತಾಯಿಯ ಧರ್ಮದಂತೆ ಜ್ಞಾನಸ್ನಾನವಾಯಿತು. ಆ ಹೊತ್ತಿಗೆ ಧರ್ಮಪಿತರಾಗಿ ನಿಂತವರಲ್ಲಿ ತಂದೆಯ ಸಿಖ್ ಗೆಳೆಯರೂ ಇದ್ದರು, ಇಗರ್ಜಿಯ ಪುಸ್ತಕದಲ್ಲಿ ಅವರಿಗೆ ಸ್ಪ್ಯಾನಿಷ್ ಹೆಸರು ಬಿತ್ತು. ಹೀಗೆ ಮಕ್ಕಳ ಹೆಸರಿನ ಮೊದಲ ಭಾಗ ಸಂತರದ್ದು, ಕೊನೆಯ ಭಾಗ ಸಿಂಗ್. 1912ರಲ್ಲಿ ರೂಪುಗೊಂಡ ಸ್ಟಾಕ್‌ಟನ್ನಿನ ಗುರುದ್ವಾರದ ಸಂಘಟನೆ ಸಿಖ್ಖರಿಗಷ್ಟೇ ಅಲ್ಲ, ಅವರ ಕುಟುಂಬಗಳು ಕೂಡಿ ಉಣ್ಣುವುದಕ್ಕೂ ನೆಲೆಯಾಯಿತು.

ಜಮೀನಿಗಾಗಿಯೇ ಈ ಗಂಡಸರು ಮದುವೆಯಾದರೆಂಬ ಮಾತು ಅಲ್ಲಿ ಪ್ರಚಲಿತವಾಗಿತ್ತು. ಕಾಲಗಣನೆ ಅದನ್ನು ಒಪ್ಪುವುದಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1923ರಲ್ಲಿ. 1913ರ ಭೂಕಾನೂನು ಅವರ ಕೊರಳಿಗೆ ಬಿದ್ದದ್ದು ಆ ಬಳಿಕ. ಮದುವೆಗಳು ಅದಕ್ಕಿಂತ ಮೊದಲೇ ನಡೆಯುತ್ತಿದ್ದವು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಜಮೀನು ಹಿಡಿಯುವ ಉಪಾಯವನ್ನು ಅವರು ಕಂಡುಕೊಂಡದ್ದು ಕಷ್ಟ ಬಂದ ಮೇಲೆ. 1946ರಲ್ಲಿ ಪೌರತ್ವದ ಹಕ್ಕು ದೊರೆತು, ಊರಿನಿಂದ ಬಂಧುಗಳು ಬರತೊಡಗಿದ ಮೇಲೆ ಇಂತಹ ಮದುವೆಗಳು ನಿಂತುಹೋದವು.

ಆ ದಂಪತಿಗಳ ಬಾಳಿನ ಕೊನೆಯ ಪುಟ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಸಿಖ್ ಗಂಡ ತೀರಿಕೊಂಡರೆ ದೇಹವನ್ನು ದಹಿಸುತ್ತಿದ್ದರು. ಕಥೋಲಿಕ ಹೆಂಡತಿಯನ್ನು ತನ್ನವರ ಸ್ಮಶಾನದಲ್ಲಿ ಹೂಳುತ್ತಿದ್ದರು. ಕಥೋಲಿಕ ಸಭೆಯು ದಹನಕ್ಕಿದ್ದ ನಿಷೇಧವನ್ನು ಸಡಿಲಿಸಿದ್ದು 1963ರಲ್ಲಿ. ಮೂವತ್ತು ನಲವತ್ತು ವರ್ಷ ಒಂದೇ ಒಲೆಯ ಮುಂದೆ ಬಾಳಿದವರು ಮರಣದಲ್ಲಿ ಬೇರೆ ಬೇರೆ ದಾರಿ ಹಿಡಿದರು. ಧರ್ಮವನ್ನು ಬಿಡದೆ ಬಾಳುವುದು ಸಾಧ್ಯವೆಂದು ಅವರು ತೋರಿಸಿಕೊಟ್ಟರು. ಅದಕ್ಕೆ ತೆರಬೇಕಾದ ಬೆಲೆಯನ್ನೂ ತೋರಿಸಿದರು.

ನಮ್ಮ ಮನೆಗಳಿಗೆ ಒಂದು ಮಾತು

ವಯನಾಡಿಗೆ ಹಿಂದಿರುಗೋಣ. ಇಲ್ಲಿಯ ಕಥೋಲಿಕ ಮನೆಯೊಂದಕ್ಕೆ ಸಿಖ್ ಸೊಸೆ ಬರುವಳೆನ್ನೋಣ, ಅಥವಾ ನಮ್ಮ ಕನ್ನಡ ಕಥೋಲಿಕ ಹುಡುಗಿ ಪಂಜಾಬಿ ಹುಡುಗನನ್ನು ಮೆಚ್ಚುವಳೆನ್ನೋಣ. ಇಬ್ಬರಲ್ಲಿ ಒಬ್ಬರು ಧರ್ಮ ಬದಲಿಸಿದರೆ ಎಲ್ಲ ಸುಗಮವೆಂದು ಹಿರಿಯರು ಸಲಹೆ ಕೊಡುವುದುಂಟು. ನಂಬಿಕೆಯಿಂದ ಬದಲಾದರೆ ಅದು ಅವರವರ ಅಂತರಂಗದ ವಿಷಯ. ಮದುವೆಯ ಅನುಕೂಲಕ್ಕಾಗಿ ಬದಲಾಗುವವರು ಮಾತ್ರ ಒಂದು ಕಾನೂನನ್ನು ಓದಿಕೊಂಡಿರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಸಿಖ್ಖರಿಗೂ ಅನ್ವಯಿಸುತ್ತದೆ. ಅದರ 26ನೆಯ ಕಲಮಿನಂತೆ, ಸಿಖ್ಖರೊಬ್ಬರು ಕ್ರೈಸ್ತರಾದ ಮೇಲೆ ಹುಟ್ಟಿದ ಮಕ್ಕಳಿಗೆ, ಆ ಮಕ್ಕಳು ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಆ ಕಾಯ್ದೆಯ ವ್ಯಾಪ್ತಿಯ ಧರ್ಮದಲ್ಲಿ ಇಲ್ಲದಿದ್ದರೆ, ಸಿಖ್ ಬಂಧುಗಳ ಆಸ್ತಿಯಲ್ಲಿ ಪಾಲು ಇರುವುದಿಲ್ಲ. ಮದುವೆಯ ದಿನದ ಒಂದು ಸಹಿಗೆ ಮೊಮ್ಮಕ್ಕಳು ತಾತನ ಗದ್ದೆಯನ್ನು ತೆತ್ತಾರು.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ ಕಥೋಲಿಕ–ಸಿಖ್ ದಂಪತಿಗಳ ಸ್ವಂತ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ. ಮರಣಪತ್ರವಿಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ. ಅವಿಭಕ್ತ ಕುಟುಂಬದ ಸಿಖ್ ಸದಸ್ಯರು ಈ ಕಾಯ್ದೆಯಡಿ ಅನ್ಯಧರ್ಮೀಯರನ್ನು ಮದುವೆಯಾದರೆ ಅವರು ಆ ಕುಟುಂಬದಿಂದ ವಿಭಕ್ತರಾದಂತೆ ಲೆಕ್ಕ. ಆದರೆ ಉತ್ತರಾಧಿಕಾರದ ಹಕ್ಕು ಅಷ್ಟಕ್ಕೇ ಅಳಿಯುವುದಿಲ್ಲ. ಇಗರ್ಜಿಯಲ್ಲಿ ಮದುವೆಯಾದವರು ಬಳಿಕ 15ನೆಯ ಕಲಮಿನಡಿ ಅದೇ ಮದುವೆಯನ್ನು ವಿವಾಹಾಧಿಕಾರಿಯಲ್ಲಿ ನೋಂದಾಯಿಸಲೂ ಅವಕಾಶವಿದೆ. 2008ರಿಂದ ಕೇರಳದಲ್ಲಿ ಎಲ್ಲ ಧರ್ಮದವರ ಮದುವೆಗಳ ನೋಂದಣಿಯೂ ಕಡ್ಡಾಯವಾಗಿದೆ.

ಇವೆಲ್ಲ ಕಾಗದದ ಮಾತುಗಳಾದವು. ಕಾಗದದಲ್ಲಿ ಬರೆಯಲಾಗದ ಮೂರು ಸಂಗತಿಗಳನ್ನು ಎರಡು ಮನೆಯ ಹಿರಿಯರೂ ಮದುವೆಗೆ ಮುಂಚೆಯೇ ಕುಳಿತು ಮಾತಾಡುವುದು ಒಳ್ಳೆಯದೆಂದು ಇತಿಹಾಸ ಕಲಿಸುತ್ತದೆ. ಮಕ್ಕಳಿಗೆ ಯಾವ ಪ್ರಾರ್ಥನೆ ಕಲಿಸುವುದು? ಹಬ್ಬದ ದಿನ ಅಡುಗೆಮನೆ ಯಾರ ಕೈಯಲ್ಲಿ? ಕಣ್ಣುಮುಚ್ಚಿದ ಮೇಲೆ ದೇಹವನ್ನು ಎಲ್ಲಿಗೆ ಕೊಂಡೊಯ್ಯುವುದು? ಕೊನೆಯ ಪ್ರಶ್ನೆಯನ್ನು ಮದುವೆಯ ಮನೆಯಲ್ಲಿ ಕೇಳುವುದು ಅಶುಭವೆಂದು ನಮ್ಮಲ್ಲಿ ನಂಬುತ್ತಾರೆ. ಇಂಪೀರಿಯಲ್ ಕಣಿವೆಯ ಮುದುಕ ಮುದುಕಿಯರ ಮಕ್ಕಳು ಆ ಪ್ರಶ್ನೆಯನ್ನು ದುಃಖದ ನಡುವೆ ಎದುರಿಸಬೇಕಾಯಿತು.

ವಯನಾಡಿನ ಕನ್ನಡಿಗರಾದ ನಾವು ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುತ್ತ, ಎರಡನ್ನೂ ಬಿಡದೆ ಮಕ್ಕಳನ್ನು ಬೆಳೆಸಿದವರು. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದರಲ್ಲಿ ಸ್ಥಳವೆಂದು ಯಾರಾದರೂ ಹೇಳಿದರೆ ಎಷ್ಟು ನೋವಾಗುತ್ತದೆಂಬುದು ನಮಗೆ ಗೊತ್ತು. ಧರ್ಮ ಬೇರೆಯಾದ ಸೊಸೆಗೂ ಅಳಿಯನಿಗೂ ನಮ್ಮ ಹೊಸಿಲಿನಲ್ಲಿ ಅದೇ ಮಾತನ್ನು ಹೇಳದಿರುವುದು ನಮ್ಮ ಕೈಯಲ್ಲಿದೆ. ಇಗರ್ಜಿಗೂ ಗುರುದ್ವಾರಕ್ಕೂ ಅವುಗಳ ಕಟ್ಟಳೆಗಳಿವೆ, ಸರ್ಕಾರಕ್ಕೆ ತನ್ನ ಮೂವತ್ತು ದಿನಗಳಿವೆ. ಮನೆಯ ಕಟ್ಟಳೆಯನ್ನು ಬರೆಯುವವರು ಮನೆಯವರೇ.